ಆರು ತುಂಬದವರ ಓದು

ನವೆಂಬರ್ 16, 2024, ಶನಿವಾರ

ಗ್ರಂಥಾಲಯ ಸಪ್ತಾಹದ ಭಾಷಣಗಳೆಲ್ಲ ಗುರುವಾರವೇ ಮುಗಿದವು. ಇಂದು ಸಂಜೆ ಪತ್ರಿಕೆ ಓದುವವರೂ ಎದ್ದುಹೋದ ಮೇಲೆ ನಮ್ಮೂರಿನ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಉಳಿದವರು ಮೇಲ್ವಿಚಾರಕಿ, ನಾನು ಮತ್ತು ಡೇರಿಯ ಹಿಂದಿನ ಮನೆಯ ಅಕ್ಕ-ತಂಗಿ. ಅಕ್ಕ ಐದನೆಯ ತರಗತಿಯವಳು, ಕಾರ್ಡು ಇರುವವಳು. ತಂಗಿ ಇನ್ನೂ ಅಂಗನವಾಡಿಗೆ ಹೋಗುತ್ತಾಳೆ. ಸಂಜೆ ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲವಾದ್ದರಿಂದ ಅಕ್ಕನ ಲಂಗ ಹಿಡಿದುಕೊಂಡೇ ಬರುತ್ತಾಳೆ.

ಅಕ್ಕ ತನ್ನ ಪಾಡಿಗೆ ಓದುತ್ತಿದ್ದಾಗ ತಂಗಿ ಕೆಳಗಿನ ಖಾನೆಯಿಂದ ಒಂದು ಚಿತ್ರಪುಸ್ತಕ ಎಳೆದು ತೆರೆದಳು. ಅದು ತಲೆಕೆಳಗಾಗಿತ್ತು. ಸ್ವಲ್ಪ ಹೊತ್ತು ದಿಟ್ಟಿಸಿ, ‘ಆನೆ ಬಿದ್ದೋಗದೆ’ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಪುಸ್ತಕ ತಿರುಗಿಸಿ ಆನೆಯನ್ನು ಎಬ್ಬಿಸಿದಳು. ಆಮೇಲೆ ಚಿತ್ರದ ಕೆಳಗಿನ ಸಾಲಿನ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ, ಅಕ್ಕ ಓದುವ ರಾಗದಲ್ಲಿಯೇ, ಅಲ್ಲಿ ಬರೆದಿರದ ಕಥೆಯೊಂದನ್ನು ಓದತೊಡಗಿದಳು. ಮಾತು ಅಡಗಿರುವುದು ಆ ಕಪ್ಪು ಗುರುತುಗಳಲ್ಲಿ ಎಂಬುದು ಒಂದಕ್ಷರವೂ ಬಾರದ ಮಗುವಿಗೆ ಆಗಲೇ ತಿಳಿದುಹೋಗಿದೆ. ಅಕ್ಕನ ಮಗ್ಗುಲಲ್ಲಿ ಕುಳಿತೇ ಅವಳು ಇಷ್ಟನ್ನು ಕಲಿತಿದ್ದಾಳೆ.

ಮೇಲ್ವಿಚಾರಕಿ ಬಂದು, ‘ಹರಿದುಬಿಡ್ತೀಯ, ಕೊಡು ಪುಟ್ಟಿ’ ಎಂದು ಪುಸ್ತಕವನ್ನು ಮೇಲಿನ ಖಾನೆಗೆ ಏರಿಸಿದರು.

ನನಗೆ ಸಿಟ್ಟು ಬಂತು. ‘ಇವಳಿಗೂ ಒಂದು ಕಾರ್ಡು ಮಾಡಿಕೊಡಬಾರದೇ?’ ಎಂದು ಕೇಳಿದೆ. ‘ಆರು ತುಂಬಲಿ ಮೇಡಂ, ಓದುವ ಬೆಳಕು ಕಾರ್ಯಕ್ರಮ ಇರುವುದೇ ಆರರಿಂದ ಹದಿನೆಂಟು ವರ್ಷದವರಿಗೆ’ ಎಂದರು. ಅವರು ಹೇಳಿದ್ದು ಸರಿಯೇ. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿದ ಆ ಕಾರ್ಯಕ್ರಮದ ಉಪಕಾರವನ್ನು ನಾನು ಅಲ್ಲಗಳೆಯಲಾರೆ; ಅಕ್ಕನ ಕೈಗೆ ಪುಸ್ತಕ ಬಂದದ್ದೂ ಅದರಿಂದಲೇ. ಆದರೆ ಮರುವರ್ಷ ಆರಂಭವಾದ, ಮಕ್ಕಳ ಓದು-ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆ ಮಕ್ಕಳನ್ನು ಮೂರನೆಯ ವರ್ಷದಿಂದಲೇ ಲೆಕ್ಕಕ್ಕೆ ಹಿಡಿಯುತ್ತದೆ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಅವರು ಅರ್ಥ ಮಾಡಿಕೊಂಡು ಓದಬೇಕು ಎನ್ನುತ್ತದೆ. ನಡುವಿನ ಮೂರು ವರ್ಷ ಮಗು ಪುಸ್ತಕವನ್ನು ಎಲ್ಲಿ ಮುಟ್ಟಬೇಕು? ಮನೆ ಕಂದಾಯದ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವ ಅವಳ ಅಪ್ಪನ ರಸೀದಿಯಲ್ಲಂತೂ ವಯಸ್ಸಿನ ಮಿತಿ ನಮೂದಾಗಿಲ್ಲ.

ಅವರ ನಿಜವಾದ ಅಂಜಿಕೆ ದಾಸ್ತಾನು ವಹಿಯದು. ‘ಹರಿದರೆ ಬರೆದುಕೊಳ್ಳುವವರು ಯಾರು? ಪರಿಶೀಲನೆಗೆ ಬಂದವರು ನನ್ನನ್ನೇ ಕೇಳುತ್ತಾರೆ’ ಎಂದು ಅವರು ಹೇಳುವಾಗ, ಹಿಂದಿನ ಗೋಡೆಯಲ್ಲಿ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಫೋಟೊ ಗುರುವಾರದ ಬಾಡಿದ ಹಾರದೊಂದಿಗೆ ತೂಗುತ್ತಿತ್ತು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಭಾಷಣದಲ್ಲಿ ಅದನ್ನು ಎಲ್ಲರೂ ಹೇಳಿದರು. ಮೂರು ವರ್ಷದವರು ಬಳಸಿದ ಪುಸ್ತಕ ಹರಿಯುತ್ತದೆ, ಜೊಲ್ಲು ಹತ್ತುತ್ತದೆ, ರಟ್ಟು ಕಿತ್ತುಬರುತ್ತದೆ. ಅದಕ್ಕೆ ವಹಿಯಲ್ಲಿ ಜಾಗ ಬಿಡದೆ ಸೂತ್ರವನ್ನು ಮಾತ್ರ ಗೋಡೆಗೆ ಬರೆಸಿದರೆ ಆ ಹೆಂಗಸು ತಾನೇ ಏನು ಮಾಡಿಯಾರು? ಸಿಟ್ಟು ಇಳಿಯಿತು, ಅಥವಾ ಬೇರೆ ಕಡೆಗೆ ತಿರುಗಿತು.

ಅತ್ತಿಗೆಗೆ ಹೇಳಿದರೆ, ‘ಮೊದಲು ಅ ಆ ಇ ಈ ತಿದ್ದಲಿ ಬಿಡು’ ಎಂದರು. ನನಗೆ ಒಪ್ಪಿಗೆಯಿಲ್ಲ. 49 ಅಕ್ಷರಗಳ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಇವೆಲ್ಲ ಕೈಗೆ ಹತ್ತುವಷ್ಟರಲ್ಲಿ ಮಗು ಮೂರೋ ನಾಲ್ಕೋ ತರಗತಿ ದಾಟಿರುತ್ತದೆ. ಅಷ್ಟು ದೂರ ನಡೆಯಬೇಕಾದವಳಿಗೆ, ಆ ಕೊನೆಯಲ್ಲಿ ಕಥೆಯೊಂದು ಕಾದಿದೆ ಎಂಬ ಆಸೆ ಮೊದಲೇ ಹುಟ್ಟಿರಬೇಡವೇ? ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳಿದವರಿಲ್ಲದ ಮಕ್ಕಳಿಗೆ ಈ ಆಸೆಯನ್ನು ಹುಟ್ಟಿಸಬಲ್ಲ ಜಾಗ ನಮ್ಮೂರಿನಲ್ಲಿ ಆ ಒಂದು ಕೋಣೆ ಮಾತ್ರ.

ಹರಿದರೂ ಚಿಂತೆಯಿಲ್ಲದ ಹತ್ತಾರು ಚಿತ್ರಪುಸ್ತಕಗಳನ್ನು ನಾನೇ ಕೊಂಡು ಕೆಳಗಿನ ಖಾನೆಯಲ್ಲಿ ಇಟ್ಟುಬರುವುದೆಂದುಕೊಂಡಿದ್ದೇನೆ. ಆದರೆ ದಾನವಾಗಿ ಬಂದ ಪುಸ್ತಕಕ್ಕೂ ಮೇಲ್ವಿಚಾರಕಿ ಮೊಹರು ಒತ್ತಿ ದಾಸ್ತಾನು ಸಂಖ್ಯೆ ಬರೆದುಬಿಟ್ಟರೆ, ಮತ್ತೆ ಅದೇ ಮೇಲಿನ ಖಾನೆ. ಮೊಹರು ಬೇಡವೆಂದು ಕೇಳಿಕೊಂಡರೆ, ಅವರನ್ನು ಇನ್ನೊಂದು ತಕರಾರಿಗೆ ಸಿಕ್ಕಿಸಿದಂತೆ ಆಗುವುದಿಲ್ಲವೇ, ಇಲ್ಲವಾದರೆ ಅಂಗನವಾಡಿ ಟೀಚರ್ ಹತ್ತಿರವೇ…