ನೋಮು ಮುಗಿಯುವ ತನಕ ಕಜ್ಜಾಯ ಮುಟ್ಟುವಂತಿರಲಿಲ್ಲ

ಚಿಂತಾಮಣಿ ಸೀಮೆಯ ನಮ್ಮ ಊರಿನಲ್ಲಿ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಮನಸ್ಸಿಗೆ ಬರುತ್ತಿದ್ದುದು ಕೇದಾರೇಶ್ವರನ ನೋಮು, ಅಂದರೆ ವ್ರತ, ಅದರ ಜೊತೆಗೆ ಕಜ್ಜಾಯ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವುದಕ್ಕೂ ಬಹಳ ಹಿಂದೆ, ನಾವೆಲ್ಲ ಕೋಲಾರ ಜಿಲ್ಲೆಯವರೇ ಆಗಿದ್ದ ಕಾಲದ ಮಾತಿದು.

ಅಮಾವಾಸ್ಯೆ ಹತ್ತಿರವಾದಂತೆ ಅಜ್ಜಿ ಅಕ್ಕಿ ನೆನೆಹಾಕಿ, ನೀರು ಬಸಿದು, ನೆರಳಿನಲ್ಲಿ ಪಂಚೆಯ ಮೇಲೆ ಹರವಿ, ತೇವ ಪೂರ್ತಿ ಆರುವ ಮೊದಲೇ ಕುಟ್ಟಿಸಿ ಜರಡಿ ಹಿಡಿಯುತ್ತಿದ್ದರು. ಬೆಲ್ಲದ ಪಾಕದ ಉಸ್ತುವಾರಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಟ್ಟಲಿನ ನೀರಿಗೆ ಒಂದು ತೊಟ್ಟು ಬಿಟ್ಟು, ಅದು ಬೆರಳ ತುದಿಯಲ್ಲಿ ಮೆತ್ತಗೆ ಉಂಡೆಗಟ್ಟಿದ ಕೂಡಲೇ ಒಲೆಯಿಂದ ಇಳಿಸಿ ಹಿಟ್ಟು ಬೆರೆಸುತ್ತಿದ್ದರು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಬಲಿತರೆ ಗಟ್ಟಿಯಾಗುತ್ತದೆ. ಬಾಳೆಎಲೆಯ ಮೇಲೆ ತಟ್ಟಿ ಕರಿದ ಒಂದೊಂದನ್ನೂ ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುವಾಗ ಬರುತ್ತಿದ್ದ ಪರಿಮಳಕ್ಕೆ ನಾವು ಮಕ್ಕಳು ಅಡುಗೆಮನೆಯ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. "ದೇವರಿಗೆ ಇಡೋ ತನಕ ಈ ಕಡೆ ಸುಳೀಬೇಡ್ರೋ" ಎಂದು ಅಜ್ಜಿ ಗದರಿದರೆ ಮುಗಿಯಿತು, ಯಾರೂ ಕೈ ಚಾಚುತ್ತಿರಲಿಲ್ಲ.

ಎಲೆ, ಅಡಿಕೆ, ಅರಿಶಿನದ ಕೊಂಬು, ಬಾಳೆಹಣ್ಣುಗಳಂತೆ ಕಜ್ಜಾಯವೂ 21 ಇರಬೇಕಾಗಿತ್ತು. ಪೂಜೆ ಮುಗಿದು ಕೈಗೆ ನೋಮುದಾರ ಕಟ್ಟಿಸಿಕೊಂಡ ಮೇಲೆ, ಕಜ್ಜಾಯವನ್ನು ಮುರಿದು ಬಾಳೆಹಣ್ಣು, ತುಪ್ಪದೊಂದಿಗೆ ಕಿವುಚಿ ತಿನ್ನುತ್ತಿದ್ದ ಆ ರುಚಿಗೆ ಸಮನಾದದ್ದನ್ನು ನಾನು ಇಂದಿಗೂ ತಿಂದಿಲ್ಲ. ಸಾವಾಗಿ ಆ ವರ್ಷ ನೋಮು ನಿಂತಿದ್ದ ಮನೆಗಳಲ್ಲಿ ಬಾಣಲೆ ಇಡುವಂತಿರಲಿಲ್ಲ. ಅಮ್ಮ ತಟ್ಟೆ ಮುಚ್ಚಿ ಮೊದಲು ಕಳಿಸುತ್ತಿದ್ದುದು ಅಲ್ಲಿಗೇ. ಆ ಮನೆಯ ಮಕ್ಕಳಿಗೆ ಹಬ್ಬ ತಪ್ಪಬಾರದೆಂಬ ಈ ಕಾಳಜಿಯನ್ನು ನಾನು ಕಜ್ಜಾಯಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ.

ಸಿಹಿ ತಿನ್ನುವುದು ತಪ್ಪು ಎಂದು ನಮಗೆ ಯಾರೂ ಹೇಳಲಿಲ್ಲ. ಚೆನ್ನಾಗಿ ಓದಿದರೆ ಸಿಹಿ ಕೊಡುತ್ತೇವೆ ಎಂಬ ಆಮಿಷವನ್ನೂ ಒಡ್ಡಲಿಲ್ಲ. ಹಬ್ಬ ಬಂದಾಗ ಅದು ಬರುತ್ತಿತ್ತು, ಹಂಚಿ ತಿಂದು ಮುಗಿಸಿದರೆ ಮುಂದಿನ ಹಬ್ಬದವರೆಗೆ ಅದರ ಮಾತೇ ಇರುತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಯಾವಾಗ ಬೇಕಾದರೂ ಕಜ್ಜಾಯ ಸಿಗುತ್ತದೆ, ಹಬ್ಬದ ದಿನವೇ ಸಕ್ಕರೆ ಕಾಯಿಲೆಯ ಎಚ್ಚರಿಕೆಯೂ ಕೇಳಿಬರುತ್ತದೆ. ಕಾಯಿಲೆ ಇರುವ ಹಿರಿಯರು ಪಥ್ಯ ಮಾಡಲೇಬೇಕು. ಆದರೆ ಮಕ್ಕಳಿಗೆ ಕಡಿವಾಣ ಹಾಕುವುದಾದರೆ ದಿನನಿತ್ಯದ ಬೇಕರಿ ತಿಂಡಿಗೆ ಹಾಕೋಣ. ನೋಮಿನ ದಿನ ನಮ್ಮ ಮನೆಯ ಮಕ್ಕಳಿಗೆ ಕೇಳಿದಷ್ಟು ಕಜ್ಜಾಯ ಬಡಿಸಲು ನನಗೆ ಯಾವ ಅಳುಕೂ ಇಲ್ಲ.