ಕ್ಯೂ ಗಾರ್ಡನ್ಸ್‌ನ ‘ದಿ ಹೈವ್’: ಕಡ್ಡಿ ಕಚ್ಚದೆ ವಾಪಸ್ ಬರಬೇಡಿ

ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಹೋದವರಲ್ಲಿ ಬಹಳ ಮಂದಿ ಅಲ್ಲಿನ ಜೇನುಗೂಡಿನಂಥ ಕಲಾಕೃತಿ ‘ದಿ ಹೈವ್’ ಒಳಗೆ ಮೂರು ನಿಮಿಷ ನಿಲ್ಲುತ್ತಾರೆ. ತಲೆಯೆತ್ತಿ ಒಂದು ಫೋಟೊ ಹೊಡೆದು, “ಏನೋ ಮ್ಯೂಸಿಕ್ ಹಾಕಿದ್ದಾರೆ, ಅಷ್ಟೆ” ಎಂದು ಹೊರಬೀಳುತ್ತಾರೆ. ಟಿಕೆಟ್ಟಿಗೆ ಕೊಟ್ಟ ದುಡ್ಡು ನೆನೆದರೆ ಬೇಸರ ಬರುವುದೂ ಸಹಜ. ಆದರೆ ಅವರು ನೋಡಿರುವುದು ಅರ್ಧ ಮಾತ್ರ. ಇನ್ನರ್ಧ ಗಾಜಿನ ನೆಲದ ಕೆಳಗಿದೆ.

ವುಲ್ಫ್‌ಗ್ಯಾಂಗ್ ಬಟ್ರೆಸ್ ಎಂಬ ಕಲಾವಿದ 2015ರ ವಿಶ್ವಮೇಳ ಮಿಲಾನ್ ಎಕ್ಸ್‌ಪೋಗೆಂದು ಮಾಡಿದ ಕೃತಿ ಇದು. 2016ರಲ್ಲಿ ಕ್ಯೂಗೆ ಬಂತು. 17 ಮೀಟರ್ ಎತ್ತರ, 40 ಟನ್ ತೂಕ, ಸುಮಾರು 1,70,000 ಅಲ್ಯೂಮಿನಿಯಂ ತುಂಡುಗಳು, ಸಾವಿರದಷ್ಟು ಎಲ್‌ಇಡಿ ದೀಪಗಳು. ಇದರೊಳಗೆ ಜೇನು ಹುಡುಕಬೇಡಿ, ಇಲ್ಲ. ಜೇನು ಇರುವುದು ತೋಟದ ಬೇರೊಂದು ಕಡೆ ಇಟ್ಟ ನಿಜವಾದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೆ ಅಳವಡಿಸಿದ ಸಂವೇದಕಗಳು ಒಳಗಿನ ಕಂಪನವನ್ನು ಆಗಿಂದಾಗಲೇ ಇಲ್ಲಿಗೆ ಕಳಿಸುತ್ತವೆ. ಕಂಪನ ಒಂದು ಮಟ್ಟ ದಾಟಿದಾಗ ಮೊದಲೇ ಧ್ವನಿಮುದ್ರಿಸಿದ ವಾದ್ಯ, ಗಾಯನಗಳ ತುಣುಕುಗಳು ತೆರೆದುಕೊಳ್ಳುತ್ತವೆ, ದೀಪಗಳೂ ಹಾಗೆಯೇ ಏರಿಳಿಯುತ್ತವೆ. ಸಂಗೀತ ಧ್ವನಿಮುದ್ರಿಸಿದ್ದು ನಿಜ. ಅದು ಯಾವಾಗ, ಎಷ್ಟು ಕೇಳಿಸಬೇಕೆಂದು ತೀರ್ಮಾನಿಸುವುದು ಮಾತ್ರ ಜೇನುಗಳೇ. ಐದು ನಿಮಿಷ ಮಾತಾಡದೆ ಕುಳಿತರೆ ಈ ಏರಿಳಿತ ತಾನಾಗಿ ಗೊತ್ತಾಗುತ್ತದೆ.

ಈಗ ಕೆಳಗಿಳಿಯಿರಿ. ಅಲ್ಲಿ ಕಂಬಗಳಲ್ಲಿ ಸಣ್ಣ ಸೀಳುಗಳಿವೆ. ತೆಳ್ಳನೆಯ ಮರದ ಕಡ್ಡಿಯ ಒಂದು ತುದಿಯನ್ನು ಸೀಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕಿವಿ ಮುಚ್ಚಿಕೊಳ್ಳಬೇಕು. ಕಂಪನ ಹಲ್ಲಿನಿಂದ ತಲೆಬುರುಡೆಗೆ, ಅಲ್ಲಿಂದ ನೇರ ಒಳಗಿವಿಗೆ ಹೋಗುತ್ತದೆ. “ಏನೂ ಕೇಳಲಿಲ್ಲ” ಎನ್ನುವವರು ಸಾಮಾನ್ಯವಾಗಿ ಮಾಡುವ ತಪ್ಪು ಮೂರು: ಕಡ್ಡಿಯನ್ನು ಸಡಿಲವಾಗಿ ಸಿಕ್ಕಿಸುವುದು, ಹಲ್ಲಿನ ಬದಲು ತುಟಿಯಲ್ಲಿ ಹಿಡಿಯುವುದು, ಕಡ್ಡಿಯ ಮಧ್ಯಕ್ಕೆ ಬೆರಳು ತಾಗಿಸಿ ಕಂಪನವನ್ನು ಅಲ್ಲೇ ಕೊಲ್ಲುವುದು. ಒಬ್ಬರಿಗೆ ಒಂದೇ ಕಡ್ಡಿ. ಕಾಣದಿದ್ದರೆ ಸಿಬ್ಬಂದಿಯನ್ನು ಕೇಳಿ. ಐಸ್‌ಕ್ರೀಂ ಕಡ್ಡಿಯಂಥದ್ದು ಒಂದೆರಡು ಚೀಲದಲ್ಲಿದ್ದರೂ ಒಳ್ಳೆಯದೇ.

ಕೇಳಿಸುವುದು ಜೇನುಗಳ ಸಂಕೇತಗಳು. ಮೊದಲು ಹೊರಬಂದ ಹೊಸ ರಾಣಿ ತುತ್ತೂರಿಯಂತೆ ಕೂಗುತ್ತದೆ. ಇನ್ನೂ ಕೋಶದೊಳಗೇ ಇರುವ ಎದುರಾಳಿ ರಾಣಿಗಳು ಬಾತುಕೋಳಿಯಂತೆ ತುಂಡುತುಂಡಾಗಿ ಉತ್ತರ ಕೊಡುತ್ತವೆ. ಆಹಾರ ಬೇಡುವ ಸದ್ದಿದೆ. ಹೂವಿರುವ ದಿಕ್ಕನ್ನೂ ದೂರವನ್ನೂ ತಿಳಿಸುವ ನೃತ್ಯದ ಗುಂಯ್‌ಗಾಟವಿದೆ. ಜೇನಿಗೆ ನಮ್ಮಂಥ ಕಿವಿಯಿಲ್ಲ, ಗೂಡಿನ ಮೇಣದ ಎರಿಯ ಅದುರುವಿಕೆಯನ್ನು ಅದು ಕಾಲಿನಿಂದಲೇ ಗ್ರಹಿಸುತ್ತದೆ. ಹಲ್ಲಿನಿಂದ ಕೇಳಿಸಿಕೊಳ್ಳುವ ಈ ಏರ್ಪಾಡು ಅದಕ್ಕೇ ಅಷ್ಟು ಹತ್ತಿರದ್ದು ಅನಿಸುತ್ತದೆ. ಮಕ್ಕಳಿದ್ದರೆ ಮೊದಲು ಇಲ್ಲಿಗೇ ಕರೆತನ್ನಿ, ಮೇಲಕ್ಕೆ ಆಮೇಲೆ ಹೋಗಬಹುದು.

ಹೋಗುವ ಹೊತ್ತು ಆರಿಸುವುದು ಸ್ವಲ್ಪ ಕಷ್ಟ. ಜೇನುಗಳ ಓಡಾಟ ಹೆಚ್ಚುವುದು ಬೆಚ್ಚನೆಯ ದಿನಗಳಲ್ಲಿ, ದೀಪಗಳು ಮಂಕಾಗಿ ಕಾಣುವುದೂ ಆ ಬಿಸಿಲಿನಲ್ಲೇ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಆದರೆ ಜೇನುಗಳು ಮುದ್ದೆಗಟ್ಟಿ ಸುಮ್ಮನಿರುತ್ತವೆ. ಮೇ, ಜೂನ್ ತಿಂಗಳ ಮೋಡ ಮುಸುಕಿದ, ಆದರೆ ಚಳಿಯಿಲ್ಲದ ಮಧ್ಯಾಹ್ನವೇ ಸರಿ. ಸುತ್ತಲಿನ ಕಾಡುಹೂಗಳ ಹುಲ್ಲುಗಾವಲೂ ಆಗ ಚೆನ್ನಾಗಿರುತ್ತದೆ. ಶಾಲಾ ರಜೆಯ ಶನಿವಾರ, ಭಾನುವಾರ ಬೇಡವೇ ಬೇಡ. ಗದ್ದಲದಲ್ಲಿ ಈ ಕೃತಿಗೆ ಅರ್ಥವೇ ಇಲ್ಲ. ಗಾಜಿನ ನೆಲದ ಕೆಳಗೂ ಜನ ಓಡಾಡುತ್ತಾರೆ, ಯಾವ ಬಟ್ಟೆ ತೊಡಬೇಕೆಂದು ಯೋಚಿಸುವಾಗ ನೆನಪಿರಲಿ.

ದಾರಿಯಲ್ಲಿ ಎಡವುವುದು ಲಂಡನ್ ಮೆಟ್ರೊದ ಡಿಸ್ಟ್ರಿಕ್ಟ್ ಲೈನಿನಲ್ಲಿ. ಹಸಿರು ಬಣ್ಣದ ಲೈನ್ ಎಂದು ಬಂದ ರೈಲು ಹತ್ತಿದರೆ ವಿಂಬಲ್ಡನ್ನಿಗೋ ಈಲಿಂಗ್ ಬ್ರಾಡ್‌ವೇಗೋ ಹೋಗಿಬಿಡುತ್ತೀರಿ. ರೈಲಿನ ಮುಂದೆ ‘ರಿಚ್ಮಂಡ್’ ಎಂದಿರಬೇಕು. ವಾರಾಂತ್ಯದಲ್ಲಿ ದುರಸ್ತಿಗೆಂದು ಲೈನ್ ಮುಚ್ಚಿದ್ದರೆ ಬದಲಿ ಬಸ್ಸಿಗೆ ಕಾಯಬೇಡಿ, ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುತ್ತದೆ. ವಾಟರ್‌ಲೂನಿಂದ ಕ್ಯೂ ಬ್ರಿಜ್ ನಿಲ್ದಾಣಕ್ಕೆ ರೈಲು ಹಿಡಿದು, ಥೇಮ್ಸ್ ಸೇತುವೆಯನ್ನು ನಡೆದು ದಾಟಿ ಎಲಿಜಬೆತ್ ಗೇಟಿನಿಂದ ಒಳಹೋಗಿ. ಹೈವ್‌ಗೂ ಅದೇ ಹತ್ತಿರದ ಬಾಗಿಲು.

ಊಟಕ್ಕೆ ಒಳಗಿನ ರೆಸ್ಟೋರೆಂಟ್ ಬೇಕಿಲ್ಲ. ಹುಲ್ಲಿನ ಮೇಲೆ ಕುಳಿತು ಬುತ್ತಿ ತಿನ್ನಲು ಅಡ್ಡಿಯಿಲ್ಲ. ಬರುವ ದಾರಿಯಲ್ಲಿ ಯಾವುದಾದರೂ ಸೂಪರ್‌ಮಾರ್ಕೆಟ್ಟಿನಲ್ಲಿ ‘ಮೀಲ್ ಡೀಲ್’ ಕೊಳ್ಳಿ: ಸ್ಯಾಂಡ್‌ವಿಚ್, ಕುರುಕಲು, ಪಾನೀಯ ಮೂರೂ ಸೇರಿ ಒಂದೇ ದರ, ಬಿಡಿಯಾಗಿ ಕೊಂಡರೆ ಬೀಳುವುದಕ್ಕಿಂತ ಎಷ್ಟೋ ಕಡಿಮೆ. ಒಂದು ಎಚ್ಚರ: ಅಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಇರಬಹುದು. ಮೊಟ್ಟೆ ಬೇಡದವರು ‘ವೀಗನ್’ ಎಂದಿರುವ ಪೊಟ್ಟಣ ಹುಡುಕಿ. ತಿಂದಾದ ಮೇಲೆ 320 ಮೀಟರ್ ಉದ್ದದ ಬ್ರಾಡ್ ವಾಕ್ ಹೂಪಾತಿಗಳ ಪಕ್ಕ ನಿಧಾನವಾಗಿ ನಡೆಯಿರಿ. ಕಡ್ಡಿಯಲ್ಲಿ ಕೇಳಿದ ಜೇನಿನ ಸಂಗಾತಿಗಳು ಅಲ್ಲಿ ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಹೂವಿನಿಂದ ಹೂವಿಗೆ ಹಾರುತ್ತಿರುತ್ತವೆ.