ಲೇಸ್ ಕಟ್ಟಿದ್ದು ನಾನೇ

ಭಾನುವಾರದಿಂದ ಒಂದೇ ದೃಶ್ಯ ತಲೇಲಿ ಸುತ್ತುತಿದೆ. ಒಂಬತ್ತು ಗಂಟೆಗೆ ಇನ್ನೆರಡು ನಿಮಿಷ ಅಂತ ಎರಡು ಸಲ ವಿಸಿಲ್ ಊದಿದ್ರು, ನಾನು ಕೂತ್ಕೊಂಡು ಅಕ್ಕನ ಶೂ ಲೇಸ್ ಕಟ್ತಿದ್ದೆ, ಅವಳು ನನ್ನ ಕೈ ಹಿಡ್ಕೊಂಡು "ಕಟ್ಬೇಡ ಬಿಡೋ, ಸಾಕು" ಅಂದ್ಲು.

ಬ್ಯಾಕ್‌ಯಾರ್ಡ್ ಅಲ್ಟ್ರಾ ಅನ್ನೋ ಓಟದ ಸ್ಪರ್ಧೆ ಅದು. ಪ್ರತಿ ಗಂಟೆಗೂ 6.7 ಕಿಲೋಮೀಟರ್‌ನ ಒಂದು ಸುತ್ತು, ಗಂಟೆ ಬಾರಿಸೋ ಹೊತ್ತಿಗೆ ಮತ್ತೆ ಗೆರೆ ಹತ್ರ ನಿಂತಿರ್ಬೇಕು, ಇಲ್ಲಾಂದ್ರೆ ಔಟ್. ಹೀಗೆ 24 ಸುತ್ತು ಆದ್ರೆ 100 ಮೈಲಿ. ಎಷ್ಟು ಸುತ್ತಿಗೆ ಮುಗಿಯುತ್ತೆ ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ, ಒಬ್ರೇ ಉಳಿಯೋವರೆಗೂ ನಡೀತಾನೇ ಇರುತ್ತೆ. ಅಕ್ಕ 26 ಮುಗಿಸಿದ್ಲು, ರಾತ್ರಿಯೆಲ್ಲಾ ಹೆಡ್‌ಲ್ಯಾಂಪ್ ಬೆಳಕಲ್ಲಿ ಬೇರು ಕಲ್ಲು ನೋಡ್ಕೊಂಡು ಓಡಿ ಓಡಿ ಕಣ್ಣು ಕೆಂಡ ಆಗಿತ್ತು. ಉಳಿದಿದ್ದು ಅವಳು ಮತ್ತೆ ಒಬ್ಬ ಹುಡುಗ, ಅಷ್ಟೇ.

ಅವನು ಬಂದು ಕುರ್ಚಿ ಮುಂದೆ ನಿಂತ. "ಇದೊಂದ್ ಸುತ್ತು ಬನ್ನಿ ಅಕ್ಕ" ಅಂದ.

ಅವಳು ಬರದೇ ಇದ್ರೂ ಆ ಒಂದು ಸುತ್ತು ಮುಗಿಸಿದ್ರೆ ಅವನೇ ಗೆಲ್ತಿದ್ದ, ಆದ್ರೆ ಅಲ್ಲಿಗೇ ಅವನ ಓಟಾನೂ ನಿಲ್ತಿತ್ತು, ಎರಡನೇಯವರು ನಿಂತ್ಮೇಲೆ ಇನ್ನೊಂದೇ ಸುತ್ತು, ಕಾಲಲ್ಲಿ ಎಷ್ಟು ಶಕ್ತಿ ಉಳಿದಿದ್ರೂ ಅಷ್ಟೇ. 2023ರಲ್ಲಿ ಇಂಥದ್ದೇ ಓಟದಲ್ಲಿ ಹಾರ್ವಿ ಲೂಯಿಸ್ ಅನ್ನೋ ಓಟಗಾರ 108 ಸುತ್ತು ಓಡಿ ಗೆದ್ದಿದ್ದು ಇಹೋರ್ ವೆರಿಸ್ ಅನ್ನೋ ಇನ್ನೊಬ್ಬ 107ರವರೆಗೂ ಬಿಡದೆ ಜೊತೆಗೆ ಬಂದಿದ್ದಕ್ಕೆ. ಆ ಎರಡನೇಯವರಿಗೆ ಅಸಿಸ್ಟ್ ಅಂತಾರೆ, ಆದ್ರೆ ಫಲಿತಾಂಶದಲ್ಲಿ ಗೆದ್ದವರನ್ನ ಬಿಟ್ಟು ಎಲ್ಲರ ಹೆಸರ ಮುಂದೂ ಡಿಎನ್‌ಎಫ್, ಅಂದ್ರೆ ಓಟ ಮುಗಿಸಿಲ್ಲ ಅಂತ. ಪಕ್ಕದ ಟೆಂಟಿನವರೊಬ್ರು "ಅಷ್ಟು ಓಡಿ ಏನ್ ಬಂತು ಹಾಗಾದ್ರೆ" ಅಂದ್ರು, ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ರಾತ್ರಿ ಮೂರು ಗಂಟೇಲಿ ಅಕ್ಕ ಕುರ್ಚಿಯಿಂದ ಏಳೋದನ್ನ ಅವರೂ ನೋಡಿದ್ರಲ್ಲ.

ಒಂದು ನಿಮಿಷದ ವಿಸಿಲ್ ಬಂತು. ಅಕ್ಕ ಅವನ ಮುಖ ನೋಡಿದ್ಲು, ಆಮೇಲೆ ನನ್ನ ಕಡೆ ಕಾಲು ಚಾಚಿದ್ಲು. ಕಟ್ಟಿದೆ.

ಅವನು 48ನೇ ನಿಮಿಷಕ್ಕೇ ಬಂದ. ಕೂರ್ಲಿಲ್ಲ, ನೀರು ಕೊಟ್ರೆ ಬಾಟ್ಲಿ ಕೈಯಲ್ಲೇ ಹಿಡ್ಕೊಂಡು ದಾರಿ ಕಡೆ ಮುಖ ಮಾಡಿ ನಿಂತ್ಬಿಟ್ಟ. ಮೂರು ವಿಸಿಲ್, ಎರಡು, ಒಂದು. ಹತ್ತಕ್ಕೆ ಗಂಟೆ ಬಾರಿಸಿತು, ಅಕ್ಕ ಇಲ್ಲ. ಅವನು ಗೆದ್ದಿದ್ದ, ಎಲ್ಲರೂ ಚಪ್ಪಾಳೆ ಹೊಡೀತಿದ್ರು, ಅವನು ಯಾರ ಕಡೆಗೂ ತಿರುಗದೆ ಅವಳು ಬರೋ ದಾರೀಲಿ ಕುಂಟ್ಕೊಂಡು ನಡೆದ. ಇಬ್ರೂ ಒಟ್ಟಿಗೇ ಬಂದ್ರು.

ನಿನ್ನೆ ಫೋನಲ್ಲಿ ಕೇಳ್ದೆ, ನಾನು ಆವತ್ತು ಲೇಸ್ ಕಟ್ಬಾರ್ದಿತ್ತಾ ಅಂತ. "ಅವನು ಬನ್ನಿ ಅಂದಾಗ್ಲೇ ನಾನು ಹೊರಟಾಗಿತ್ತು ಕಣೋ" ಅಂದ್ಲು.